ಎತ್ತರ ತೆಂಗು, ಗಿಡ್ಡ ತೆಂಗು ಮತ್ತು ಅವುಗಳ ಮಕ್ಕಳು



ಬನ್ನಂಜೆಯ ಹಿರಿಯರೊಬ್ಬರ ಹಿತ್ತಲಲ್ಲಿ ಒಂದು ಸಂಕರ ತೆಂಗಿನ ಮರ ಉಂಟು. ಐದನೆಯ ವರ್ಷಕ್ಕೇ ಫಲ ಕೊಟ್ಟ ಮರ; ಗೊನೆ ತುಂಬ ಕಾಯಿ. ಅದರ ಹತ್ತು ಕಾಯಿ ಆರಿಸಿ, ಸಸಿ ಮಾಡಿ ನೆಟ್ಟರು. ಎಂಟು ವರ್ಷ ನೀರೆರೆದು ಗೊಬ್ಬರ ಹಾಕಿದರು. ಈಗ ನೋಡಿದರೆ ಒಂದು ಗಿಡ್ಡ, ಒಂದು ಎತ್ತರ, ಒಂದರಲ್ಲಿ ಸಣ್ಣ ಕಾಯಿ, ಎರಡರಲ್ಲಿ ಇನ್ನೂ ಹೊಂಬಾಳೆಯೇ ಇಲ್ಲ. “ಒಂದೇ ತಾಯಿಯ ಮಕ್ಕಳು ಮಾರಾಯ್ರೆ, ಒಂದರ ಹಾಗೆ ಒಂದಿಲ್ಲ. ಆರೈಕೆಯಲ್ಲಿ ನಾನೆಲ್ಲಿ ತಪ್ಪಿದೆ?” ಎಂದು ನನ್ನನ್ನು ಕೇಳಿದರು.

ಆರೈಕೆಯಲ್ಲಿ ತಪ್ಪಿಲ್ಲ. ತಪ್ಪಿದ್ದು ಬೀಜದ ಆಯ್ಕೆಯಲ್ಲಿ. ಅದು ಹೇಗೆಂದು ತಿಳಿಯಲು ಸ್ವಲ್ಪ ಹಳೆಯ ಕತೆ ಕೇಳಬೇಕು.

ಯುರೋಪಿನ ಮೆಂಡಲ್ ಎಂಬ ಪಾದ್ರಿಗಳು ಎತ್ತರ ಬಟಾಣಿಯನ್ನು ಗಿಡ್ಡ ಬಟಾಣಿಯೊಡನೆ ಕೂಡಿಸಿದರು. ಮೊದಲ ಪೀಳಿಗೆಯ ಗಿಡಗಳೆಲ್ಲ ಎತ್ತರ. ಎರಡನೆಯ ಪೀಳಿಗೆಯಲ್ಲಿ ಮೂರು ಎತ್ತರಕ್ಕೆ ಒಂದು ಗಿಡ್ಡ. ಒಂದು ಗುಣ ಮೇಲುಗೈ, ಇನ್ನೊಂದು ಅಡಗಿರುವಂಥದ್ದು. 1866 ರಲ್ಲಿ ಅಚ್ಚಾದ ಈ ಮಾತನ್ನು 1900 ರ ತನಕ ಹೆಚ್ಚಿನವರು ಗಮನಿಸಲಿಲ್ಲ.

ಆದರೆ ಪ್ರಕೃತಿ ಇಷ್ಟಕ್ಕೇ ನಿಲ್ಲುವುದಿಲ್ಲ. ಮೆಂಡಲರ ಕೆಲಸವನ್ನು ಮತ್ತೆ ಬೆಳಕಿಗೆ ತಂದವರಲ್ಲಿ ಒಬ್ಬರಾದ ಜರ್ಮನಿಯ ಕಾರೆನ್ಸ್, ನಮ್ಮ ಅಂಗಳದಲ್ಲೂ ಅರಳುವ ಸಂಜೆ ಮಲ್ಲಿಗೆಯನ್ನು ಪರೀಕ್ಷಿಸಿದರು. ಕೆಂಪು ಹೂವಿನ ಗಿಡಕ್ಕೆ ಬಿಳಿ ಹೂವಿನ ಗಿಡವನ್ನು ಕೂಡಿಸಿದರೆ ಮಕ್ಕಳು ಕೆಂಪೂ ಅಲ್ಲ, ಬಿಳಿಯೂ ಅಲ್ಲ, ಗುಲಾಬಿ ಬಣ್ಣ. ಆ ಗುಲಾಬಿ ಹೂವಿನ ಬೀಜ ಬಿತ್ತಿದರೆ ನಾಲ್ಕರಲ್ಲಿ ಒಂದು ಕೆಂಪು, ಎರಡು ಗುಲಾಬಿ, ಒಂದು ಬಿಳಿ. ಇಲ್ಲಿ ಯಾರದೂ ಪೂರ್ಣ ಮೇಲುಗೈ ಇಲ್ಲ.

ಇನ್ನು ನಮ್ಮ ತೆಂಗಿಗೆ ಬರೋಣ. ಕಾಸರಗೋಡು, ನೀಲೇಶ್ವರ ಆಗ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವು. 1956 ರಲ್ಲಿ ಕೇರಳಕ್ಕೆ ಸೇರಿದವು. 1916 ರಲ್ಲಿ ಸರಕಾರ ಆ ಕಡೆ ತೆಂಗಿನ ಸಂಶೋಧನಾ ಕೇಂದ್ರಗಳನ್ನು ತೆರೆಯಿತು. 1932 ರಲ್ಲಿ ನೀಲೇಶ್ವರದಲ್ಲಿ ಜೆ. ಎಸ್. ಪಟೇಲರು ಎತ್ತರ ತೆಂಗಿನ ಹೆಣ್ಣು ಹೂವಿಗೆ ಗಿಡ್ಡ ತೆಂಗಿನ ಪರಾಗ ಹಾಕಿಸಿದರು. ಹುಟ್ಟಿದ ಗಿಡಗಳು ಬಟಾಣಿಯ ಹಾಗೆ ತಾಯಿಯಷ್ಟೇ ಎತ್ತರವಾಗಲಿಲ್ಲ, ನಡುತರದವಾದವು. ಬೇಗ ಫಲಕ್ಕೆ ಬಂದವು, ಒಳ್ಳೆಯ ಕಸುವಿನಿಂದ ಬೆಳೆದವು. ಈ ಸಂಕರ ಕಸುವನ್ನು ಅವರು 1937 ರಲ್ಲಿ ಪ್ರಕಟಿಸಿದರು.

ಎತ್ತರ, ಫಲ ಬಿಡುವ ಕಾಲ, ಕಾಯಿಯ ಗಾತ್ರ, ಇವು ಒಂದೊಂದೂ ಅನೇಕ ವಂಶವಾಹಿಗಳು ಸೇರಿ ಆಗುವ ಗುಣಗಳು. ಸಂಕರ ಮರದಲ್ಲಿ ಎತ್ತರದ ಪಾಲೂ ಗಿಡ್ಡದ ಪಾಲೂ ಜೋಡಿಯಾಗಿರುತ್ತವೆ. ಅದರ ಕಾಯಿ ಹುಟ್ಟುವಾಗ ಆ ಜೋಡಿಗಳು ಬಿಚ್ಚಿಕೊಂಡು, ಇಸ್ಪೀಟು ಎಲೆ ಕಲಸಿ ಹಂಚಿದ ಹಾಗೆ, ಪ್ರತಿ ಕಾಯಿಗೂ ಬೇರೆ ಬೇರೆ ಪಾಲು ಹೋಗುತ್ತದೆ. ಸುತ್ತಲಿನ ಮರಗಳ ಪರಾಗವೂ ಸೇರಿದರೆ ಕೇಳುವುದೇ ಬೇಡ. ಬನ್ನಂಜೆಯ ಆ ಹತ್ತು ಸಸಿಗಳಲ್ಲಿ ಆದದ್ದು ಇದೇ.

ಆದ್ದರಿಂದ ನೆನಪಿಡಿ: ಸಂಕರ ಮರದ ಕಾಯಿ ಅಡಿಗೆಗೆ, ಎಣ್ಣೆಗೆ ಚೆನ್ನ, ಬೀಜಕ್ಕೆ ಬೇಡ. ಸಂಕರ ಬೇಕಾದರೆ ಪ್ರತಿ ಸಲವೂ ಎತ್ತರ ಮತ್ತು ಗಿಡ್ಡ ಮರಗಳನ್ನು ಕೂಡಿಸಿ ಮಾಡಿದ ಹೊಸ ಸಸಿಯನ್ನೇ ತನ್ನಿ.

ತರುವಾಗ ಸಸಿಯ ಎಲೆದಂಟು ನೋಡಿ. ಕೇಸರಿ ಬಣ್ಣದ ಗಿಡ್ಡ ತೆಂಗು ತಾಯಿಯಾಗಿ, ಹಸಿರು ಎತ್ತರ ತೆಂಗು ತಂದೆಯಾಗಿದ್ದರೆ, ನಿಜವಾದ ಸಂಕರ ಸಸಿಯ ದಂಟು ಕಂದು ಛಾಯೆಯದಾಗಿರುತ್ತದೆ. ತಾಯಿಯ ಹಾಗೆ ಕೇಸರಿಯಾಗಿಯೇ ಇದ್ದರೆ ಅದು ತನ್ನ ಪರಾಗದಿಂದಲೇ ಹುಟ್ಟಿದ ಗಿಡ್ಡ ತೆಂಗು, ಸಂಕರವಲ್ಲ.

ಮನೆಯಲ್ಲೇ ಬೀಜ ಮಾಡುವುದಾದರೆ, ವರ್ಷ ವರ್ಷವೂ ತಪ್ಪದೆ ಫಲ ಕೊಟ್ಟ, ರೋಗವಿಲ್ಲದ ಊರಿನ ಎತ್ತರ ಮರವನ್ನು ಆರಿಸಿಕೊಳ್ಳಿ. ಅದರ ಮಕ್ಕಳಲ್ಲೂ ಸ್ವಲ್ಪ ಹೆಚ್ಚು ಕಡಿಮೆ ಇದ್ದೇ ಇರುತ್ತದೆ. ಕಾಯಿ ಬೇಗ ಮೊಳೆತು ದಪ್ಪ ಬುಡ ಕಟ್ಟಿದ ಸಸಿಗಳನ್ನಷ್ಟೇ ನೆಡಿ.

ಭತ್ತದ ಬೀಜ ಕೆಟ್ಟರೆ ಒಂದು ಬೆಳೆ ಹೋದೀತು. ತೆಂಗಿನ ಬೀಜ ಕೆಟ್ಟರೆ ಎಂಟು ವರ್ಷದ ದುಡಿಮೆ ಹೋಗುತ್ತದೆ. ಗುಂಡಿ ತೋಡುವ ಮೊದಲು ಸಸಿಯ ತಂದೆತಾಯಿ ಯಾರೆಂದು ವಿಚಾರಿಸಿ.