ಶಾಲಾ ವ್ಯವಸ್ಥಾಪನಾ ಸಮಿತಿ: ಹೊಸ ಸದಸ್ಯರ ಆಯ್ಕೆ ಹೇಗೆ, ಅಧಿಕಾರವೇನು?

ಮುಂಬೈ: ಗ್ರಾಂಟ್ ರೋಡ್‌ನ ಪಾಲಿಕೆ ಶಾಲೆಯೊಂದರ ಸಮಿತಿಯಲ್ಲಿ ಪೋಷಕರ ಸ್ಥಾನ ತೆರವಾದರೆ ಅದನ್ನು ತುಂಬುವವರು ಯಾರು? ಉತ್ತರ 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮಿನಲ್ಲಿದೆ.

ಸಮಿತಿಯ ಸದಸ್ಯರಲ್ಲಿ ಕನಿಷ್ಠ ನಾಲ್ಕನೇ ಮೂರು ಭಾಗ ಅದೇ ಶಾಲೆಯ ಮಕ್ಕಳ ತಂದೆ, ತಾಯಿ ಅಥವಾ ಪಾಲಕರಾಗಿರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು. ಹಿಂದುಳಿದ ಹಾಗೂ ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕಂತೆ ಸ್ಥಾನ ಕಡ್ಡಾಯ. ಉಳಿದ ಸ್ಥಾನಗಳು ಶಿಕ್ಷಕರಿಗೆ ಮತ್ತು ಸ್ಥಳೀಯ ಸಂಸ್ಥೆಯ ಚುನಾಯಿತ ಪ್ರತಿನಿಧಿಗಳಿಗೆ. ಕರ್ನಾಟಕದವರಿಗೆ ಇದು 2001ರಿಂದ ಪರಿಚಿತವಾದ ಎಸ್‌ಡಿಎಂಸಿಯನ್ನು ಹೋಲುವ ವ್ಯವಸ್ಥೆ.

ಈ ಸ್ಥಾನ ಹೆಸರಿಗಷ್ಟೇ ಅಲ್ಲ. ಶಾಲೆಯ ಕಾರ್ಯನಿರ್ವಹಣೆ ಮತ್ತು ಅನುದಾನದ ಬಳಕೆಯ ಮೇಲೆ ಕಣ್ಣಿಡುವುದು ಸಮಿತಿಯ ಕೆಲಸ. ಅದು ಸಿದ್ಧಪಡಿಸುವ ಶಾಲಾ ಅಭಿವೃದ್ಧಿ ಯೋಜನೆಯೇ ಮುಂದಿನ ಅನುದಾನಕ್ಕೆ ಆಧಾರ.

2022ರ ಮಾರ್ಚ್‌ನಲ್ಲಿ ಮುಂಬೈ ಪಾಲಿಕೆಯ ಚುನಾಯಿತ ಮಂಡಳಿಯ ಅವಧಿ ಮುಗಿದು ಆಡಳಿತಾಧಿಕಾರಿ ಅಧಿಕಾರ ವಹಿಸಿಕೊಂಡಾಗ, ನಗರಸೇವಕರ ಶಿಕ್ಷಣ ಸಮಿತಿಯೂ ಇಲ್ಲವಾಯಿತು. ಅಂಥ ಹೊತ್ತಿನಲ್ಲಿ ಶಾಲಾ ಮಟ್ಟದ ಪೋಷಕ ಸದಸ್ಯರ ಮಾತಿಗೆ ತೂಕ ಹೆಚ್ಚು.

ಕನ್ನಡಿಗರು ಒಂದು ವ್ಯತ್ಯಾಸ ಗಮನಿಸಬೇಕು. ಪಾಲಿಕೆಯೇ ನಡೆಸುವ ಕನ್ನಡ ಮಾಧ್ಯಮ ಶಾಲೆಗಳ ಸಮಿತಿಗೆ ಈ ಎಲ್ಲ ಅಧಿಕಾರವಿದೆ. ಆದರೆ 2012ರ ತಿದ್ದುಪಡಿಯಂತೆ, ಭಾಷಾ ಅಲ್ಪಸಂಖ್ಯಾತರ ಶಾಲೆಗಳಲ್ಲೂ ಇತರ ಅನುದಾನಿತ ಶಾಲೆಗಳಲ್ಲೂ ಸಮಿತಿಯದು ಸಲಹೆಯ ಪಾತ್ರ ಮಾತ್ರ.

ಮಗು ಶಾಲೆ ಬಿಟ್ಟರೆ ಪೋಷಕರ ಅರ್ಹತೆಯೂ ಮುಗಿಯುತ್ತದೆ. ಗ್ರಾಂಟ್ ರೋಡ್ ಪರಿಸರ ಪಾಲಿಕೆಯ ಡಿ ವಾರ್ಡಿಗೆ ಸೇರಿದ್ದು, ವಾರ್ಡ್ ಕಚೇರಿ ನಾನಾ ಚೌಕ್‌ನಲ್ಲಿದೆ. ಆಸಕ್ತ ಪೋಷಕರು ಮೊದಲು ವಿಚಾರಿಸಬೇಕಾದದ್ದು ತಮ್ಮ ಮಗುವಿನ ಶಾಲೆಯ ಮುಖ್ಯೋಪಾಧ್ಯಾಯರನ್ನು.