ಊಟದ ಬಯಲು, ಆಟದ ಬಯಲು

ವಿಜಯನಗರ ಜಿಲ್ಲೆಯಲ್ಲಿ ಒಂದಕ್ಕೊಂದು ಹೊಂದಿಕೊಂಡಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಸಾಂಸ್ಕೃತಿಕ ಚರಿತ್ರೆಯಲ್ಲಿ ಊಟದ ತಾಣವನ್ನೂ ಕಲೆಯ ತಾಣವನ್ನೂ ಬೇರೆ ಬೇರೆ ಅಧ್ಯಾಯಗಳಾಗಿ ಬರೆಯಲು ಬರುವುದಿಲ್ಲ. ಬೆಂಗಳೂರಿನಲ್ಲಿ 2004ರಲ್ಲಿ ಆರಂಭವಾದ ರಂಗಶಂಕರದಂತಹ ನಗರದ ರಂಗಮಂದಿರಗಳಲ್ಲಿ ಮೊದಲು ರಂಗವನ್ನು ಕಟ್ಟಿ, ನಾಟಕ ನೋಡಲು ಬಂದವರಿಗಾಗಿ ಅದರ ಪಕ್ಕದಲ್ಲಿ ತಿಂಡಿಮನೆ ತೆರೆಯುವುದು ರೂಢಿಯಾಗಿದ್ದರೆ, ಈ ಐದು ತಾಲ್ಲೂಕುಗಳಲ್ಲಿ ಕ್ರಮ ತಿರುವುಮುರುವಾಗಿದೆ: ಇಲ್ಲಿ ಮೊದಲು ಒಲೆ ಹೂಡಿದ ಜಾಗ ಹುಟ್ಟಿತು, ಉಣ್ಣಲು ಕೂಡಿದ ಜನರ ನಡುವೆ ಆಟ ಹುಟ್ಟಿತು. ಮಳೆಯನ್ನೇ ನೆಚ್ಚಿದ ಜೋಳ, ನವಣೆ, ಶೇಂಗಾದ ಈ ನಾಡಿನಲ್ಲಿ ಸುಗ್ಗಿ ಮುಗಿದು ಕಣದ ಕಾಳು ಮನೆ ಸೇರಿದ ಮೇಲೆ, ಅಂದರೆ ಮಾಘದಿಂದ ವೈಶಾಖದವರೆಗೆ, ಜನರ ಕೈ ಬಿಡುವಾಗುತ್ತದೆ. ಜಾತ್ರೆ, ದಾಸೋಹ, ಬಯಲಾಟಗಳೆಲ್ಲ ಆ ನಾಲ್ಕು ತಿಂಗಳಲ್ಲಿ ಒತ್ತೊತ್ತಾಗಿ ಬರುವುದಕ್ಕೆ ಪಂಚಾಂಗದಷ್ಟೇ ಈ ಒಕ್ಕಲುತನದ ಲೆಕ್ಕವೂ ಕಾರಣ.

ಈ ಜೊತೆಗೂಡಿಕೆಯ ಹಳೆಯ ರೂಪ ದೇವಾಲಯಗಳ ಶಾಸನಗಳಲ್ಲಿದೆ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯದಲ್ಲಿ ರಾಷ್ಟ್ರಕೂಟರ ಮತ್ತು ಕಲ್ಯಾಣ ಚಾಲುಕ್ಯರ ಕಾಲದ ಮೂವತ್ತಕ್ಕೂ ಹೆಚ್ಚು ಕನ್ನಡ ಶಾಸನಗಳಿದ್ದು, ಅವುಗಳಲ್ಲಿ 987ರ ಒಂದು ಶಾಸನ ಚಾಲುಕ್ಯ ತೈಲಪನ ಆಳ್ವಿಕೆಗೆ ಸೇರಿದೆ. ಆ ಕಾಲದ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮೂರು ಮಾತುಗಳನ್ನು ಇಲ್ಲಿ ವಿವರಿಸಬೇಕು. ದೇವರ ಮಜ್ಜನ, ಗಂಧ, ಪುಷ್ಪ, ನೈವೇದ್ಯಗಳ ಖರ್ಚು ‘ಅಂಗಭೋಗ’. ದೇವರ ಮುಂದೆ ನಡೆಯುವ ಹಾಡು, ವಾದ್ಯ, ಕುಣಿತಗಳ ಖರ್ಚು ‘ರಂಗಭೋಗ’. ತಪಸ್ವಿಗಳಿಗೂ ದಾರಿಹೋಕರಿಗೂ ಅನ್ನವಿಕ್ಕುವ ಮನೆ ‘ಸತ್ರ’. ಅರಸನಾಗಲಿ, ಊರ ಗೌಡನಾಗಲಿ, ವರ್ತಕರ ಕೂಟವಾಗಲಿ ಭೂಮಿ ಬಿಟ್ಟಾಗ ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವುದು ವಾಡಿಕೆಯಾಗಿತ್ತು; ಒಂದೇ ಗದ್ದೆಯ ಬೆಳೆಯಿಂದ ನೈವೇದ್ಯವೂ ಕುಣಿತದವರ ಜೀವಿತವೂ ಪರದೇಶಿಯ ಊಟವೂ ಸಾಗುತ್ತಿದ್ದವು. ಕುಣಿಯುವವರನ್ನೂ ವಾದ್ಯದವರನ್ನೂ ಸೇರಿಸಿ ಶಾಸನಗಳು ‘ಪಾತ್ರಪಾವುಳ’ ಎನ್ನುತ್ತವೆ. ನಟನು ಹೊರುವ ಪಾತ್ರವೂ ಅಡುಗೆಮನೆಯ ಪಾತ್ರೆಯೂ ಒಂದೇ ಸಂಸ್ಕೃತ ಪದದಿಂದ ಕನ್ನಡಕ್ಕೆ ಬಂದವು ಎಂಬುದನ್ನು ಇಲ್ಲಿ ನೆನೆದರೆ ತಪ್ಪಾಗದು: ಎರಡೂ ತಮ್ಮೊಳಗೆ ಇನ್ನೊಂದನ್ನು ತುಂಬಿಕೊಂಡು ಬೇರೆಯವರಿಗೆ ಬಡಿಸುವಂಥವು. ಹೂವಿನಹಡಗಲಿ ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಗಿರುವ ಕುರುವತ್ತಿಯ ಮಲ್ಲಿಕಾರ್ಜುನ ದೇವಾಲಯದ ಬಾಗಿಲಲ್ಲಿ, ಕಂಬದಿಂದ ಮುಂದಕ್ಕೆ ಬಾಗಿ ನಿಂತಿರುವ ಮದನಿಕೆಯರ ಮೈಮಾಟವನ್ನು ಕಂಡವರಿಗೆ ರಂಗಭೋಗವೆಂಬುದು ದಾನಪತ್ರದ ಒಣ ಮಾತಲ್ಲ ಎಂಬುದು ತಿಳಿಯುತ್ತದೆ. ಆದರೆ ಅನ್ನವೂ ಕಲೆಯೂ ಒಂದೇ ಗಂಟಿನಲ್ಲಿ ಇದ್ದುದರ ಬೆಲೆಯನ್ನು ತೆತ್ತವರು ಯಾರು ಎಂಬ ಪ್ರಶ್ನೆಯನ್ನು ಬಿಡುವಂತಿಲ್ಲ. ದೇವರಿಗೆ ಹೆಣ್ಣುಮಕ್ಕಳನ್ನು ಬಿಡುವ ಪದ್ಧತಿ ಈ ಸೀಮೆಯ ಬಡ ಕೇರಿಗಳಲ್ಲಿ ಇಪ್ಪತ್ತನೆಯ ಶತಮಾನದವರೆಗೂ ಬೇರೂರಿತ್ತು; ಅದನ್ನು ನಿಷೇಧಿಸುವ ಕಾನೂನು ಕರ್ನಾಟಕದಲ್ಲಿ ರೂಪುಗೊಂಡದ್ದು 1982ರಲ್ಲಿ.

ದೇವಾಲಯದ ಆಡಳಿತದ ಹೊರಗೆ, ಜನಪದ ಆಚರಣೆಗಳಲ್ಲಿ ಉಣ್ಣುವುದೇ ಆಟವಾಗಿರುವ ನಿದರ್ಶನಗಳಿವೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಸುಮಾರಿಗೆ ನಡೆಯುವ ಜಾತ್ರೆ, ಗೊರವಯ್ಯನು ಎತ್ತರದ ಬಿಲ್ಲನ್ನೇರಿ ಒಂದೇ ಮಾತಿನಲ್ಲಿ ನುಡಿಯುವ ‘ಕಾರಣಿಕ’ವೆಂಬ ಭವಿಷ್ಯವಾಣಿಯಿಂದಾಗಿ ನಾಡಿಗೆಲ್ಲ ಪರಿಚಿತ. ಗೊರವರೆಂದರೆ ಮೈಲಾರಲಿಂಗನ ದೀಕ್ಷೆ ಪಡೆದು, ಕರಿಯ ಕಂಬಳಿಯ ಅಂಗಿ ತೊಟ್ಟು, ಕವಡೆಯ ಸರ ಧರಿಸಿ, ಡಮರು ಬಾರಿಸುತ್ತ ಬರುವ ಭಕ್ತರು. ಕಾರಣಿಕದಷ್ಟು ಸುದ್ದಿಯಾಗದ, ಆದರೆ ಮನೆಮನೆಗಳಲ್ಲಿ ನಡೆಯುವ ಅವರ ಸೇವೆ ‘ದೋಣಿ ತುಂಬಿಸುವುದು’. ದೋಣಿಯ ಆಕಾರದ ಪಾತ್ರೆಯಲ್ಲಿ ಹಾಲು, ತುಪ್ಪ, ಬಾಳೆಹಣ್ಣು, ಬೆಲ್ಲಗಳನ್ನು ಕಲಸಿ ನೆಲದ ಮೇಲಿಟ್ಟಾಗ ಗೊರವರು ಮೈಲಾರನ ನಾಯಿಗಳಾಗಿ ಬೊಗಳುತ್ತ, ಗುರುಗುಟ್ಟುತ್ತ, ಒಬ್ಬರನ್ನೊಬ್ಬರು ತಳ್ಳುತ್ತ, ಕೈ ಮುಟ್ಟಿಸದೆ ಬಾಯಿಯಿಂದಲೇ ಅದನ್ನು ತಿನ್ನುತ್ತಾರೆ. ಸುತ್ತ ನೆರೆದ ಮನೆಯವರಿಗೆ ಅದು ಪೂಜೆ, ಮಕ್ಕಳಿಗೆ ಅದು ಆಟ, ಗೊರವರಿಗೆ ಅದು ಊಟ. ಈ ಮೂರನ್ನು ಬೇರ್ಪಡಿಸುವ ಗೆರೆಯನ್ನು ಎಲ್ಲಿಯೂ ಎಳೆದಿಲ್ಲ. ಹರಪನಹಳ್ಳಿಯ ಕಡೆಯ ಉಚ್ಚಂಗಿದುರ್ಗದ ದೇವಿಯ ಭಕ್ತರಲ್ಲಿರುವ ‘ಪಡ್ಲಿಗಿ ತುಂಬಿಸುವ’ ಆಚರಣೆಯೂ ಇದೇ ಬಗೆಯದು. ಪಡ್ಲಿಗಿ ಎಂದರೆ ಬಿದಿರಿನ ಬುಟ್ಟಿ. ಅದಕ್ಕೆ ಹೋಳಿಗೆ, ಕಡುಬು, ಅನ್ನ, ಪಲ್ಯಗಳ ಎಡೆ ತುಂಬುವಾಗ ಚೌಡಿಕೆಯ ನಾದವೂ ಅಮ್ಮನ ಹಾಡೂ ಇರಬೇಕು. ಹಾಡಿಲ್ಲದೆ ತುಂಬಿದ ಬುಟ್ಟಿ ಪಡ್ಲಿಗಿಯಾಗದು.

ಊಟ ಮತ್ತು ಕಲೆ ದೊಡ್ಡ ಪ್ರಮಾಣದಲ್ಲಿ ಒಂದೇ ಬಯಲಿಗೆ ಬಂದು ಸೇರಿದ್ದು ಕೊಟ್ಟೂರಿನಲ್ಲಿ. ಊರಿನ ನಡುವಿನ ಗುರು ಕೊಟ್ಟೂರೇಶ್ವರ ಸ್ವಾಮಿಯ ಹಿರೇಮಠ, ಅದರೊಂದಿಗೆ ತೊಟ್ಟಿಲುಮಠ, ಗಚ್ಚಿನಮಠಗಳು ಸೇರಿ ಈ ಊರನ್ನು ಶರಣ ಪರಂಪರೆಯ ದೊಡ್ಡ ಕ್ಷೇತ್ರವಾಗಿಸಿವೆ. ಮಾಘ ಬಹುಳದಲ್ಲಿ ಮೂಲಾ ನಕ್ಷತ್ರದ ದಿನ ನಡೆಯುವ ರಥೋತ್ಸವಕ್ಕೆ ದಾವಣಗೆರೆ, ಹರಿಹರ, ರಾಣೆಬೆನ್ನೂರುಗಳ ಕಡೆಯಿಂದ ಜನ ಕಾಲ್ನಡಿಗೆಯಲ್ಲಿ ಬರುತ್ತಾರೆ. ಅವರು ಹಾದು ಬರುವ ಹಾದಿಯುದ್ದಕ್ಕೂ ಹಳ್ಳಿಯವರು ಪೆಂಡಾಲು ಹಾಕಿ ಅನ್ನ, ಸಾರು, ಮಜ್ಜಿಗೆ, ಹಣ್ಣುಗಳನ್ನು ಕೊಡುತ್ತಾರೆ. ಇದಕ್ಕೆ ಇಲ್ಲಿನವರು ಬಳಸುವ ಮಾತು ‘ದಾಸೋಹ’. ದಾಸೋಹವು ದಾನವಲ್ಲ, ಕೊಡುವವನು ತಾನೇ ದಾಸನೆಂದು ಭಾವಿಸಿ ಉಣ್ಣುವವನಿಗೆ ಬಾಗುವ ಕ್ರಮ ಅದು ಎಂಬುದನ್ನು ಹನ್ನೆರಡನೆಯ ಶತಮಾನದ ಶರಣರು ಸ್ಪಷ್ಟಪಡಿಸಿದ್ದಾರೆ. ಪಾದಯಾತ್ರೆಯ ತಂಡಗಳು ರಾತ್ರಿ ತಂಗಿದಲ್ಲಿ ಊಟದ ಬಳಿಕ ಭಜನೆ ನಡೆಯುತ್ತದೆ. ತೇರಿನ ಮುಂದೆ ನಂದಿಕೋಲು, ಸಮಾಳ, ಡೊಳ್ಳುಗಳಿರುತ್ತವೆ. ಉಂಡ ಊಟಕ್ಕೆ ಹಣ ಕೊಡುವ ಪ್ರಶ್ನೆಯಿಲ್ಲದ ಕಡೆ ನೋಡಿದ ಕಲೆಗೂ ಹಣ ಕೊಡುವ ಪ್ರಶ್ನೆಯಿರಲಿಲ್ಲ.

ಜಾತ್ರೆಯಷ್ಟು ಜನಜಂಗುಳಿಯಿಲ್ಲದೆ ಊರೊಳಗೇ ನಡೆಯುತ್ತಿದ್ದ ಬಯಲಾಟದಲ್ಲಿಯೂ ಇದೇ ವ್ಯವಸ್ಥೆಯಿತ್ತು. ಬಯಲಾಟ, ಅಥವಾ ದೊಡ್ಡಾಟ ಎಂದರೆ ಪುರಾಣದ ಕಥೆಯನ್ನು ಹಾಡು, ಮಾತು, ಹೆಜ್ಜೆಗಳಲ್ಲಿ ರಾತ್ರಿಯಿಡೀ ಆಡುವ ಬಯಲ ನಾಟಕ. ಭುಜಕೀರ್ತಿ, ಎದೆಹಾರ, ಕಿರೀಟಗಳ ಭಾರ ಹೊತ್ತ ವೇಷಗಳೂ ಮೇಳದವರ ಏರುದನಿಯೂ ಅದರ ಗುರುತು. ಆಟ ಕಲಿಸುವ ಮೇಷ್ಟ್ರು ತಿಂಗಳುಗಟ್ಟಲೆ ಊರಿನಲ್ಲಿಯೇ ಉಳಿದು ‘ತಾಲೀಮು’, ಎಂದರೆ ಅಭ್ಯಾಸ, ನಡೆಸುವಾಗ ಅವರಿಗೆ ಮನೆಗೊಂದು ದಿನದಂತೆ ಸರದಿಯ ಊಟವಿರುತ್ತಿತ್ತು. ಹೀಗೆ ಪ್ರತಿ ಮನೆಯ ಒಲೆಯೂ ಆ ಆಟದಲ್ಲಿ ಪಾಲುಗೊಳ್ಳುತ್ತಿತ್ತು. ಯಾರ ಮನೆಯಲ್ಲಿ ಯಾವ ದಿನ ಏನು ಬಡಿಸಿದರು ಎಂಬುದು ಯಾರು ಯಾವ ಪಾತ್ರ ಮಾಡಿದರು ಎಂಬುದರಷ್ಟೇ ಊರಿನ ನೆನಪಿನಲ್ಲಿ ಉಳಿಯುತ್ತಿತ್ತು. ಆಟದ ದಿನ ಬೀಗರು, ನೆಂಟರು ಚಕ್ಕಡಿ ಹೂಡಿಕೊಂಡು ಬಂದು ಉಂಡು, ರಾತ್ರಿ ಕಂಬಳಿ ಹಾಸಿ ಕುಳಿತು, ತಮ್ಮವನು ವೇಷ ಹಾಕಿ ರಂಗಕ್ಕೆ ಬಂದಾಗ ಬಟ್ಟೆಬರೆಯ ಮುಯ್ಯಿ ಮಾಡುತ್ತಿದ್ದರು. ಬಯಲಾಟದ ಅರ್ಥವ್ಯವಸ್ಥೆಯನ್ನು ತಿಳಿಯಬೇಕಾದರೆ ಟಿಕೆಟ್ಟಿನ ಲೆಕ್ಕ ಹುಡುಕುವುದಕ್ಕಿಂತ ಜೋಳದ ಹಗೇವಿನ, ಎಂದರೆ ನೆಲದೊಳಗಿನ ಕಣಜದ, ಲೆಕ್ಕ ಹುಡುಕುವುದು ಸರಿ.

ಟಿಕೆಟ್ಟು ಈ ಸೀಮೆಗೆ ಬಂದದ್ದು ವೃತ್ತಿ ನಾಟಕ ಕಂಪನಿಗಳೊಂದಿಗೆ. 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವಶವಾಗಿ 1953ರವರೆಗೆ ಮದರಾಸು ಆಡಳಿತದಲ್ಲಿದ್ದ ಬಳ್ಳಾರಿ ಜಿಲ್ಲೆಗೆ ಈ ತಾಲ್ಲೂಕುಗಳು ಸೇರಿದ್ದವು. ಬಳ್ಳಾರಿ ಪಟ್ಟಣದಲ್ಲಿ ಧರ್ಮವರಂ ರಾಮಕೃಷ್ಣಮಾಚಾರ್ಯರೂ ಅವರ ಬಳಿಕ ಬಳ್ಳಾರಿ ರಾಘವರೂ (1880–1946) ಆಧುನಿಕ ರಂಗಭೂಮಿಯನ್ನು ಬೆಳೆಸಿದರು. ಅದರ ಗಾಳಿ ಕನ್ನಡದ ಹಳ್ಳಿಗಳಿಗೂ ತಗುಲಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿಯ ಮೂಲಕ ಕೊಟ್ಟೂರಿಗೆ ಮೀಟರ್‌ಗೇಜ್ ರೈಲು ಹಾದಿ ಬಂದ ಮೇಲೆ ಜನ, ಸರಕುಗಳ ಓಡಾಟ ಹೆಚ್ಚಿತು, ಕೊಟ್ಟೂರು ಹತ್ತಿ, ಎಣ್ಣೆಕಾಳುಗಳ ಪೇಟೆಯಾಗಿ ಬೆಳೆಯಿತು. ಹೀಗೆ ಜನ ಸೇರುವ ಕಡೆಗೆ ನಾಟಕ ಕಂಪನಿಯವರೂ ಬಂದರು; ಅವರು ಒಂದೂರಿನಲ್ಲಿ ಥಿಯೇಟರು ಕಟ್ಟಿ ವಾರಗಟ್ಟಲೆ ಆಡುವುದಕ್ಕೆ ‘ಕ್ಯಾಂಪು’ ಎಂದು ಹೆಸರು. ತಗಡು, ಬಿದಿರು, ತಾಡಪತ್ರಿಗಳಿಂದ ನಿಲ್ಲಿಸಿದ ಆ ಥಿಯೇಟರಿನ ಹಿಂದೆ ಕಂಪನಿಯ ಅಡುಗೆಮನೆ ಇರುತ್ತಿತ್ತು. ರಾಜಪಾತ್ರದವನೂ ಪರದೆ ಎಳೆಯುವವನೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ಥಿಯೇಟರಿನ ಮುಂದೆ ಪ್ರೇಕ್ಷಕರಿಗಾಗಿ ಮತ್ತೊಂದು ಅಡುಗೆಮನೆಗಳ ಸಾಲು ಹುಟ್ಟಿತು. ಅದೇ ಜಾತ್ರೆಯ ಖಾನಾವಳಿ ಮತ್ತು ಮಿರ್ಚಿ-ಮಂಡಕ್ಕಿ ಅಂಗಡಿ.

ಖಾನಾವಳಿ ಎಂಬ ಮಾತು ಮರಾಠಿಯಿಂದ ಬಂದದ್ದು. ಮನೆಯೂಟವನ್ನು ಹಣಕ್ಕೆ ಬಡಿಸುವ ಊಟದ ಮನೆ ಎಂದು ಅರ್ಥ. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು ಅದರ ಅಡುಗೆ. ಕೂಡ್ಲಿಗಿ, ಹರಪನಹಳ್ಳಿಯ ತೆಂಕಣ ಹಳ್ಳಿಗಳ ಕಡೆಗೆ ಬಂದರೆ ಮುದ್ದೆಯೂ ಸೇರುತ್ತದೆ. ಆದರೆ ರಾತ್ರಿಯ ಆಟಕ್ಕೆ ಒಗ್ಗಿದ ತಿನಿಸು ಮಂಡಕ್ಕಿ ಒಗ್ಗರಣಿ ಮತ್ತು ಮಿರ್ಚಿ; ಅದಕ್ಕೆ ಕಾರಣಗಳಿವೆ. ಮಂಡಕ್ಕಿಯನ್ನು ಭಟ್ಟಿಯಲ್ಲಿ, ಎಂದರೆ ಕಾದ ಮರಳಿನಲ್ಲಿ ಅಕ್ಕಿ ಹುರಿದು ಅರಳಿಸುವ ಒಲೆಮನೆಯಲ್ಲಿ, ಮೊದಲೇ ಮಾಡಿ ಚೀಲ ತುಂಬಿರುತ್ತಾರೆ. ಹಗುರವಾದ್ದರಿಂದ ಹೊತ್ತು ತರುವುದು ಸುಲಭ, ಬೇಯಿಸುವ ಕೆಲಸವಿಲ್ಲ. ಗಿರಾಕಿ ಬಂದಾಗ ಅದನ್ನು ನೀರಿನಲ್ಲಿ ಅದ್ದಿ, ಎರಡೂ ಅಂಗೈಗಳ ನಡುವೆ ಒತ್ತಿ ಹಿಂಡಿ, ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ, ಅರಿಸಿನದ ಒಗ್ಗರಣೆಗೆ ಹಾಕಿ, ಹುಣಸೆರಸ ಬಿಟ್ಟು, ಮೇಲೆ ಪುಟಾಣಿ ಹಿಟ್ಟು ಉದುರಿಸಿ ಕೈಯಾಡಿಸಿದರೆ ಕೆಲವೇ ನಿಮಿಷಗಳಲ್ಲಿ ಒಗ್ಗರಣಿ ಸಿದ್ಧ. ಪಕ್ಕದ ಬಾಣಲೆಯಲ್ಲಿ, ಉದ್ದನೆಯ ತಿಳಿಹಸಿರು ಮೆಣಸಿನಕಾಯಿ ಕಡಲೆಹಿಟ್ಟಿನಲ್ಲಿ ಅದ್ದಿಕೊಂಡು ಎಣ್ಣೆಗೆ ಇಳಿಯುತ್ತದೆ. ಹುಣಸೆ ಕೂಡ್ಲಿಗಿ ಸೀಮೆಯ ಮರಗಳದ್ದು, ಎಣ್ಣೆ ಸುತ್ತಲ ಹೊಲಗಳ ಶೇಂಗಾದ್ದು. ನಾಟಕದ ಅಂಕ ಮುಗಿದು ಪರದೆ ಬಿದ್ದ ಬಿಡುವಿನಲ್ಲಿ ನೂರಾರು ಜನ ಒಮ್ಮೆಗೇ ಬಂದು ನಿಂತರೂ ತಡವಿಲ್ಲದೆ ಕೊಡಬಹುದಾದ, ಕೈಯಲ್ಲಿ ಹಿಡಿದು ಮತ್ತೆ ಒಳಗೆ ಹೋಗಿ ಕೂರಬಹುದಾದ, ಖಾರದಿಂದ ನಿದ್ದೆಗೆಡಿಸುವ ತಿನಿಸು ಇದಕ್ಕಿಂತ ಮತ್ತೊಂದಿಲ್ಲ. ಕೊಟ್ಟೂರಿನ ಮಿರ್ಚಿ-ಮಂಡಕ್ಕಿಯ ಹೆಸರು ಜಿಲ್ಲೆಯ ಗಡಿ ದಾಟಿ ಹಬ್ಬಿದ್ದರಲ್ಲಿ ಜಾತ್ರೆಯ ರಾತ್ರಿಗಳ ಪಾಲು ದೊಡ್ಡದು. ಇಂತಹ ಅಂಗಡಿ, ಖಾನಾವಳಿಗಳ ಗೋಡೆಗೆ ನಾಟಕದ ಹ್ಯಾಂಡ್‌ಬಿಲ್ಲು ಅಂಟಿಸುವುದು, ಹವ್ಯಾಸಿ ತಂಡದವರು ಅವುಗಳ ಬೆಂಚಿನಲ್ಲಿ ಕುಳಿತು ಹಾರ್ಮೋನಿಯಂ ಮಾಸ್ತರರನ್ನೂ ನಟಿಯರನ್ನೂ ಗೊತ್ತುಮಾಡುವ ಮಾತು ಮುಗಿಸುವುದು ಈ ಊರುಗಳ ರೂಢಿಯಾಯಿತು. ರಂಗಭೂಮಿಯ ಕಚೇರಿಯೆಂದು ಪ್ರತ್ಯೇಕ ಕಟ್ಟಡ ಇಲ್ಲದಿದ್ದ ಕಡೆ ಚಹಾದಂಗಡಿಯೇ ಆ ಕಚೇರಿ.

ಹೀಗೆ ಗೊತ್ತುಮಾಡುತ್ತಿದ್ದ ನಟಿಯರಲ್ಲಿ ಹಲವರ ಊರಿನ ಕಥೆ ಒಂದು ಅಣೆಕಟ್ಟಿನೊಂದಿಗೆ ಆರಂಭವಾಗುತ್ತದೆ. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ನಿಂತಾಗ ನದಿಯಂಚಿನ ಹಲವು ಊರುಗಳು ಮುಳುಗಿದವು. ಅವುಗಳಲ್ಲೊಂದಾದ ನಾರಾಯಣದೇವರಕೆರೆಯ ಜನರಲ್ಲಿ ಬಹುಪಾಲು ಬಂದು ನೆಲೆಸಿದ ಮರಿಯಮ್ಮನಹಳ್ಳಿ, ಮುಂದೆ ಕಲಾವಿದರ ಊರೆಂದೇ ಹೆಸರಾಯಿತು. ಅಲ್ಲಿಯ ರಂಗನಟಿಯರು ಐದೂ ತಾಲ್ಲೂಕುಗಳ ಹಳ್ಳಿ ನಾಟಕಗಳಿಗೆ ಜೀವ ತುಂಬಿದವರು. ಅಲ್ಲಿಯವರೇ ಆದ ಜೋಗತಿ ನೃತ್ಯದ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಸಂದಿತು. ಅದೇ ನಾರಾಯಣದೇವರಕೆರೆಯ ಮೂಲದ ಎಂ.ಪಿ. ಪ್ರಕಾಶ್ (1940–2011) ರಾಜಕಾರಣದ ನಡುವೆಯೂ ರಂಗಪ್ರೇಮ ಬಿಡದೆ ಹೂವಿನಹಡಗಲಿಯಲ್ಲಿ ‘ರಂಗಭಾರತಿ’ ಸಂಸ್ಥೆಯನ್ನು ಕಟ್ಟಿ, ಮಲ್ಲಿಗೆಗೆ ಹೆಸರಾದ ಆ ಊರಿಗೆ ಆಧುನಿಕ ನಾಟಕವನ್ನೂ ತಂದರು. ಕಣ, ಕೆರೆ, ಗುಡಿಗಳೊಡನೆ ಬಯಲೂ ಮುಳುಗಿದ ಊರಿನವರು ಹೊಸ ನೆಲದಲ್ಲಿ ಮತ್ತೆ ರಂಗವನ್ನು ಕಟ್ಟಿಕೊಂಡದ್ದು ಈ ಚರಿತ್ರೆಯ ಅತ್ಯಂತ ಘನವಾದ ಭಾಗ.

1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿದ್ದ ಹರಪನಹಳ್ಳಿ ಬಳ್ಳಾರಿ ಜಿಲ್ಲೆಗೆ ಮರಳಿ ಬಂದು, 2021ರಲ್ಲಿ ವಿಜಯನಗರ ಹೊಸ ಜಿಲ್ಲೆಯಾಗಿ ರೂಪುಗೊಂಡು ಆಡಳಿತದ ಗೆರೆಗಳು ಬದಲಾದರೂ ಜಾತ್ರೆಗಳ ಸರಣಿ ಹಾಗೆಯೇ ಇದೆ: ಭರತ ಹುಣ್ಣಿಮೆಗೆ ಮೈಲಾರ, ಮಾಘ ಬಹುಳಕ್ಕೆ ಕೊಟ್ಟೂರು, ಶಿವರಾತ್ರಿಯ ಹೊತ್ತಿಗೆ ಕುರುವತ್ತಿ, ಯುಗಾದಿಗೆ ಉಚ್ಚಂಗಿದುರ್ಗ, ವೈಶಾಖದಲ್ಲಿ ಮರುಳಸಿದ್ಧೇಶ್ವರನ ಶಿಖರಕ್ಕೆ ಎಣ್ಣೆ ಎರೆಯುವ ಉಜ್ಜಿನಿ. ತೇರು ನೆಲೆಗೆ ನಿಂತ ಕೆಲವು ದಿನಗಳಿಗೆ ಬಾಣಲೆ, ಜಾಲರಿ, ಮಂಡಕ್ಕಿ ಚೀಲಗಳು ಒಂದು ಟೆಂಪೊದಲ್ಲಿಯೂ ಪರದೆ, ಸೈಡುವಿಂಗು, ತಗಡುಗಳು ಇನ್ನೊಂದು ಲಾರಿಯಲ್ಲಿಯೂ ಏರಿ ಮುಂದಿನ ಊರಿನ ದಾರಿ ಹಿಡಿಯುತ್ತವೆ.