ಹರಕೆಯ ಓಲೆ, ಸಂಬಳದ ಕಾಗದ

ಮೂಡುಬಿದಿರೆಯ ಗುರುಬಸದಿಗೆ ಸಿದ್ಧಾಂತ ಬಸದಿ ಎಂಬ ಇನ್ನೊಂದು ಹೆಸರಿದೆ. ಶತಮಾನಗಳ ಕಾಲ ಅಲ್ಲಿ ಉಳಿದುಬಂದ ಧವಳ, ಜಯಧವಳ, ಮಹಾಧವಳ ಎಂಬ ಮೂರು ಸಿದ್ಧಾಂತ ಗ್ರಂಥಗಳಿಂದ ಬಂದ ಹೆಸರು ಅದು. ಧವಳದ ಗಾತ್ರ 72,000 ಶ್ಲೋಕ ಪ್ರಮಾಣ, ಜಯಧವಳದ್ದು 60,000. ವೀರಸೇನರು ಆರಂಭಿಸಿದ ಜಯಧವಳವನ್ನು ಶಿಷ್ಯ ಜಿನಸೇನರು ಕ್ರಿ.ಶ. 837ರಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಆಳ್ವಿಕೆಯಲ್ಲಿ ಮುಗಿಸಿದರು. ಭಾಷೆ ಪ್ರಾಕೃತ, ಸಂಸ್ಕೃತ. ಓಲೆಯ ಮೇಲಿನ ಲಿಪಿ ಹಳಗನ್ನಡದ್ದು. ಬೇರೆಡೆ ಇದ್ದ ಹಳೆಯ ಪ್ರತಿಗಳೆಲ್ಲ ಅಳಿದಾಗ ಉಳಿದದ್ದು ಮೂಡುಬಿದಿರೆಯ ಓಲೆಗಳು ಮಾತ್ರ.

ಈ ಓಲೆಗಳು ಮಾರಾಟದ ಸರಕಾಗಿರಲಿಲ್ಲ. ಜೈನರ ನಾಲ್ಕು ದಾನಗಳಲ್ಲಿ ಆಹಾರ, ಅಭಯ, ಔಷಧಗಳ ಜೊತೆಗೆ ಶಾಸ್ತ್ರದಾನವೂ ಸೇರಿದೆ. ಗ್ರಂಥವನ್ನು ಬರೆಯಿಸಿ ಗುರುಗಳಿಗೆ ಒಪ್ಪಿಸುವುದೇ ಪುಣ್ಯ. ಶ್ರುತಪಂಚಮಿ ವ್ರತದ ಉದ್ಯಾಪನೆಗೆಂದು ದೇಮಿಯಕ್ಕ ಎಂಬಾಕೆ ಧವಳದ ಪ್ರತಿ ಮಾಡಿಸಿ ಶುಭಚಂದ್ರ ಸಿದ್ಧಾಂತದೇವರಿಗೆ ಕೊಟ್ಟಳು. ಮಲ್ಲಿಕಬ್ಬೆ ಮಹಾಧವಳವನ್ನು ಬರೆಯಿಸಿ ಮಾಘನಂದಿ ಆಚಾರ್ಯರಿಗೆ ಅರ್ಪಿಸಿದಳು. ಇವರಿಗಿಂತ ಮೊದಲೇ, ಹತ್ತನೆಯ ಶತಮಾನದಲ್ಲಿ, ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ್ದಳು.

ದಾನಿಯ ಹೆಸರು ಉಳಿಯಿತು. ಕೈನೋವು ತಿಂದವನ ಹೆಸರು ಎಷ್ಟೋ ಕಡೆ ಉಳಿಯಲಿಲ್ಲ.

ಆ ದುಡಿಮೆ ಸಣ್ಣದಲ್ಲ. ತಾಳೆಯ ಗರಿಯನ್ನು ಕೊಯ್ದು, ಬೇಯಿಸಿ, ನೆರಳಲ್ಲಿ ಒಣಗಿಸಿ, ತಿಕ್ಕಿ ನುಣುಪು ಮಾಡಿ, ಅಳತೆಗೆ ಕತ್ತರಿಸಿ, ದಾರಕ್ಕೆ ತೂತು ಕೊರೆದ ಮೇಲಷ್ಟೇ ಬರವಣಿಗೆ. ಸಾಮಾನ್ಯವಾಗಿ ಕಬ್ಬಿಣದ ಕಂಟದಿಂದ ಅಕ್ಷರ ಕೊರೆದು, ಮೇಲೆ ಕಾಡಿಗೆ ತಿಕ್ಕಿ ಒರೆಸುತ್ತಿದ್ದರು; ಕೊರೆದ ಗೆರೆಯಲ್ಲಿ ಕಪ್ಪು ನಿಲ್ಲುತ್ತಿತ್ತು. ಮೂಡುಬಿದಿರೆಯ ಸಿದ್ಧಾಂತ ಗ್ರಂಥಗಳದು ಬೇರೆ ದಾರಿ: ಅಗಲವಾದ ಶ್ರೀತಾಳೆ ಗರಿಯ ಮೇಲೆ ಶಾಯಿಯ ಬರಹ, ನಡುನಡುವೆ ಬಣ್ಣದ ಚಿತ್ರ. ಗ್ರಂಥದ ಕೊನೆಯಲ್ಲಿ ಬೆನ್ನು, ಸೊಂಟ, ಕುತ್ತಿಗೆ ಮುರಿಯುವಂತೆ ಬಗ್ಗಿ ಬರೆದಿದ್ದೇನೆ, ಜೋಪಾನ ಮಾಡಿ ಎಂದು ಬೇಡಿಕೊಳ್ಳುವುದು ಲಿಪಿಕಾರರ ವಾಡಿಕೆಯಾಗಿತ್ತು. ಭಕ್ತಿ ದಾನಿಯದ್ದೂ ಹೌದು, ಬರೆದವನದ್ದೂ ಹೌದು. ಆದರೆ ಬರೆಯುವವನಿಗೂ ಹೊಟ್ಟೆಯಿತ್ತು. ಅದರ ವೆಚ್ಚವನ್ನು ಯಾರೋ ಹೊತ್ತಿದ್ದರು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಓಲೆಗಳು ಜೀರ್ಣವಾಗತೊಡಗಿದ್ದವು. ಯಾತ್ರೆಗೆ ಬಂದ ಮುಂಬೈಯ ಸೇಠ್ ಮಾಣಿಕಚಂದ್ ಮತ್ತು ಸೊಲ್ಲಾಪುರದ ಹೀರಾಚಂದ್ ನೇಮಚಂದ್ ಇದನ್ನು ಕಂಡು, ಹಣ ಕೂಡಿಸಿ, ಸಂಬಳ ಕೊಟ್ಟು ಪ್ರತಿ ಮಾಡಿಸಲು ಮುಂದಾದರು. 1896ರಲ್ಲಿ ಕೆಲಸ ಆರಂಭವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿ ಮತ್ತು ಮಿರಜದ ಗಜಪತಿ ಶಾಸ್ತ್ರಿ ನಾಗರಿ ಲಿಪಿಯಲ್ಲಿ ಬರೆಯಲು ಕುಳಿತರು. ಬ್ರಹ್ಮಸೂರಿ ಶಾಸ್ತ್ರಿಗಳು ನಡುವೆಯೇ ತೀರಿಕೊಂಡರು. ಗಜಪತಿ ಶಾಸ್ತ್ರಿ ಮುಂದುವರಿಸಿದರು. ದೇವರಾಜ ಸೆಟ್ಟಿ, ಶಾಂತಪ್ಪ ಉಪಾಧ್ಯಾಯ, ಬ್ರಹ್ಮಯ್ಯ ಇಂದ್ರ ಕನ್ನಡ ಲಿಪಿಯ ಪ್ರತಿ ಸಿದ್ಧಪಡಿಸಿದರು. ಮಹಾಧವಳವನ್ನು ಲೋಕನಾಥ ಶಾಸ್ತ್ರಿ ನಕಲು ಮಾಡಿದರು. ಎಲ್ಲ ಮುಗಿದದ್ದು 1922ರಲ್ಲಿ, 26 ವರ್ಷಗಳ ಬಳಿಕ.

ಪ್ರತಿ ಆಯಿತು, ಆದರೆ ಗ್ರಂಥ ಮೂಡುಬಿದಿರೆಯ ಹೊಸ್ತಿಲು ದಾಟಬಾರದು ಎಂಬುದು ಊರಿನ ನಿಲುವಾಗಿತ್ತು. ಶತಮಾನಗಳ ಕಾಲ ಕಾಯ್ದವರ ಅಂಜಿಕೆ ಅದು. ಗಜಪತಿ ಶಾಸ್ತ್ರಿಗಳು ಹಗಲು ಸಂಬಳದ ಪ್ರತಿ ಬರೆಯುತ್ತಲೇ, ಮನೆಯಲ್ಲಿ ಹೆಂಡತಿ ಲಕ್ಷ್ಮೀಬಾಯಿಯ ನೆರವಿನಿಂದ ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಮಾಡಿಟ್ಟರು. ಹೀಗೆ ಬಂದದ್ದನ್ನು ಕೊಳ್ಳಲು ಹೀರಾಚಂದ್ ಒಪ್ಪಲಿಲ್ಲ. ಸಹಾರನ್‌ಪುರದ ಲಾಲಾ ಜಂಬೂಪ್ರಸಾದ್ ಹಣ ಕೊಟ್ಟು ಪಡೆದರು. ಅಲ್ಲಿ ಅದನ್ನು ನಾಗರಿಗೆ ಇಳಿಸಿದ ಸೀತಾರಾಮ ಶಾಸ್ತ್ರಿಯೂ ತನಗೊಂದು ಪ್ರತಿ ಉಳಿಸಿಕೊಂಡರು. ಅದರಿಂದ ಮತ್ತಷ್ಟು ಪ್ರತಿಗಳು ಹುಟ್ಟಿದವು. ಇವುಗಳ ಆಧಾರದ ಮೇಲೆಯೇ ವಿದ್ವಾಂಸ ಹೀರಾಲಾಲ್ ಜೈನರು 1939ರಲ್ಲಿ ಧವಳದ ಮೊದಲ ಸಂಪುಟ ಅಚ್ಚು ಹಾಕಿಸಿದರು. ಮುಂದಿನ ಎರಡು ದಶಕಗಳಲ್ಲಿ 16 ಸಂಪುಟ ಪೂರ್ಣವಾದವು. ಈ ನಡುವೆ ಮೂಡುಬಿದಿರೆಯವರೂ ಮನಸ್ಸು ಬದಲಿಸಿ ಮೂಲ ಓಲೆಗಳೊಂದಿಗೆ ಪಾಠ ಹೋಲಿಸಿಕೊಟ್ಟರು. ಈ ಒಪ್ಪಿಗೆಯ ಹಿಂದೆ ಬೆಳ್ತಂಗಡಿ ಸೀಮೆಯ ಧರ್ಮಸ್ಥಳದ ಮಂಜಯ್ಯ ಹೆಗ್ಗಡೆಯವರ ಒತ್ತಾಸೆಯೂ ಇತ್ತು.

ಗಜಪತಿ ಶಾಸ್ತ್ರಿ ಮಾಡಿದ್ದು ನಂಬಿಕೆದ್ರೋಹವೋ ಶಾಸ್ತ್ರಸೇವೆಯೋ? ಬರಿಯ ದುಡ್ಡಿನಾಸೆ ಎನ್ನುವುದು ಸುಲಭ. ಆದರೆ ವರ್ಷಗಟ್ಟಲೆ ಹಗಲು ಬರೆದು ದಣಿದ ಕೈ ರಾತ್ರಿ ಮತ್ತೆ ಅದೇ ಅಕ್ಷರಗಳಿಗೆ ಮರಳಬೇಕಾದರೆ ಆಸೆಯೊಂದೇ ಸಾಲದು. ಪ್ರೀತಿಯೂ ಪ್ರತಿಫಲವೂ ಆ ಕಾಗದದ ಮೇಲೆ ಬೆರೆತೇ ಇದ್ದವು.

ಪ್ರೀತಿಯೋ ಪ್ರತಿಫಲವೋ ಎಂಬ ಪ್ರಶ್ನೆ ಇಂದಿಗೂ ಮುಗಿದಿಲ್ಲ. ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಗಳ ಎಳೆಯರು ಮೊಬೈಲಿನಲ್ಲಿ ಯಕ್ಷಗಾನ, ಅಡುಗೆ, ತುಳು ಹಾಸ್ಯದ ವಿಡಿಯೊ ಮಾಡುತ್ತಾರೆ. ದುಡ್ಡು ಕೇಳಿದರೆ ಕಲೆಗೆ ಅಪಚಾರ ಎನ್ನುವವರೂ, ದುಡ್ಡು ಬಾರದಿದ್ದರೆ ವ್ಯರ್ಥ ಎನ್ನುವವರೂ ಇದ್ದಾರೆ. ಸಿದ್ಧಾಂತ ಗ್ರಂಥಗಳ ಚರಿತ್ರೆ ಇಬ್ಬರ ಮಾತನ್ನೂ ಒಪ್ಪುವುದಿಲ್ಲ. ದೇಮಿಯಕ್ಕನ ಹರಕೆಯಿಲ್ಲದೆ ಓಲೆ ಹುಟ್ಟುತ್ತಿರಲಿಲ್ಲ. ಸಂಬಳವಿಲ್ಲದೆ 26 ವರ್ಷದ ಕೆಲಸ ದಡ ಮುಟ್ಟುತ್ತಿರಲಿಲ್ಲ. ಪ್ರೀತಿಯಿಂದ ಮಾಡುತ್ತಾರೆಂಬ ಕಾರಣಕ್ಕೆ ಯಾರಿಂದಲೂ ಬಿಟ್ಟಿ ದುಡಿಸಿಕೊಳ್ಳಬಾರದು. ಮೂಡುಬಿದಿರೆಗೆ ಹೋದವರು ಸಿದ್ಧಾಂತ ಬಸದಿಯಲ್ಲಿ ಕೈಮುಗಿಯುವಾಗ ಬರೆಯಿಸಿದವರ ಜೊತೆಗೆ ಬರೆದವರನ್ನೂ ನೆನೆಯಲಿ, ಮನೆಯಲ್ಲಿ ಕುಳಿತು ಬರೆಯಲು ಜೊತೆಯಾದ ಲಕ್ಷ್ಮೀಬಾಯಿಯನ್ನೂ.